ಹಿಟ್ಟು ಹೊಗದಂಥ ಕಂಪ್ಯೂಟರ್

ತಾಂಬಾ ಊರಿನ ಖಂಡೆಪ್ಪನ ಮನೆಗೂ ಅವನ ಹಿಟ್ಟಿನ ಗಿರಣಿಗೂ ನಡುವೆ ಇರುವುದು ಒಂದೇ ಗೋಡೆ, ಗೋಡೆಯಲ್ಲೊಂದು ಬಾಗಿಲು. ಬಾಗಿಲು ಎಷ್ಟು ಬಿಗಿಯಾಗಿ ಹಾಕಿದರೂ ಜೋಳದ ಹಿಟ್ಟು ಹೇಗೋ ಮನೆಯೊಳಗೆ ಬರುತ್ತದೆ. ದೇವರ ಜಗಲಿ, ಟಿವಿ, ಕ್ಯಾಲೆಂಡರು, ಎಲ್ಲದರ ಮೇಲೂ ತೆಳ್ಳಗೆ ಬಿಳಿ ಪದರ. ಖಂಡೆಪ್ಪನ ಹುಬ್ಬು ಕಪ್ಪಗಿವೆ ಎಂಬುದು ಅವನು ಜಳಕ ಮಾಡಿ ಬಂದಾಗಷ್ಟೇ ತಿಳಿಯುತ್ತದೆ.

ಹಿಟ್ಟಿಗಿಂತ ಹೆಚ್ಚು ಕಾಡಿದ್ದು ಸದ್ದು. ಹರೆಯದಿಂದಲೂ ಮೋಟರಿನ ಪಕ್ಕದಲ್ಲೇ ನಿಂತು ಅವನ ಕಿವಿ ಮಂದವಾಗಿದ್ದವು. ಅವನು ಮಾತ್ರ ಅದನ್ನು ಒಪ್ಪುತ್ತಿರಲಿಲ್ಲ. ಟಿವಿಯಲ್ಲಿ ಸಿನಿಮಾ ಬಂದರೆ ಮಾತು ತಿಳಿಯದೆ ನಡುವೆಯೇ ಎದ್ದು ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ. ಹೀಗಿರುವಾಗ ಯಾವುದೋ ಕೆಲಸಕ್ಕೆ ಇಂಡಿ ಪೇಟೆಗೆ ಹೋದವನು ಅಲ್ಲಿಯ ಥಿಯೇಟರಿನಲ್ಲಿ ಒಂದು ಸಿನಿಮಾ ನೋಡಿ ಬಂದ. ಅಲ್ಲಿ ಡೊಳ್ಳಿನ ಪೆಟ್ಟು ಎದೆಗೇ ಬಡಿಯುತ್ತಿತ್ತು, ಮಾತೂ ಅರ್ಧಕ್ಕರ್ಧ ತಿಳಿದಿತ್ತು.

“ನನ್ನ ಕಿವಿ ನೆಟ್ಟಗ ಅದಾವ. ನಮ್ಮ ಟಿವಿದ ದನಿ ಸತ್ತೈತಿ,” ಎಂದು ಹೆಂಡತಿ ಗುರವ್ವನಿಗೆ ಹೇಳಿದ.

ಮಗಳು ಭಾಗ್ಯಜ್ಯೋತಿ ಬಸವನ ಬಾಗೇವಾಡಿಯ ಒಂದು ಸಾಲಿಯಲ್ಲಿ ಕಲಿಸುತ್ತಾಳೆ, ರಜೆಗೆ ಊರಿಗೆ ಬರುತ್ತಾಳೆ. ಟಿವಿಗೆ ಒಂದು ಕಂಪ್ಯೂಟರ್ ಜೋಡಿಸಿ, ದೊಡ್ಡ ಸ್ಪೀಕರ್ ಹಚ್ಚಿದರೆ ಮನೆಯೇ ಥಿಯೇಟರ್ ಆಗುತ್ತದೆ ಎಂದು ಅವಳೇ ಹೇಳಿದಳು. ಅವಳ ಕಾಲೇಜಿನ ಕಾಲದ ಕಂಪ್ಯೂಟರ್ ಮನೆಯಲ್ಲಿ ಕೆಟ್ಟು ಬಿದ್ದಿತ್ತು. ಮೊದಲು ಅದನ್ನೇ ಹೊತ್ತುಕೊಂಡು ಮೂವರೂ ಇಂಡಿಗೆ, ತಬ್ರೇಜನ ಕಂಪ್ಯೂಟರ್ ಅಂಗಡಿಗೆ ಹೋದರು. ತಬ್ರೇಜ ಅದರ ಮುಚ್ಚಳ ಬಿಚ್ಚಿ ಒಳಗೆ ನೋಡಿದ. ಫ್ಯಾನಿನ ರೆಕ್ಕೆಗಳ ನಡುವೆ ಹಿಟ್ಟು ಗಟ್ಟಿಯಾಗಿ ಕೂತಿತ್ತು.

“ಕಾಕಾ, ಇದರಾಗ ರೊಟ್ಟಿ ಬಡೀಬಹುದು ನೋಡ್ರಿ,” ಎಂದ. “ಫ್ಯಾನ್ ಗಾಳಿ ಎಳಕೊಳ್ಳೂಮುಂದ ಹಿಟ್ಟೂ ಎಳಕೊಂಡೈತಿ. ಉಸಿರು ಕಟ್ಟಿ ಸತ್ತೈತಿ.”

ಹೊಸದನ್ನೇ ಜೋಡಿಸುವುದು ಎಂದಾಯಿತು. ಖಂಡೆಪ್ಪ ಕುರ್ಚಿ ಎಳೆದುಕೊಂಡು ಮುಂದೆ ಬಂದು ಕೂತ. ಯಂತ್ರದ ಮಾತು ಬಂದರೆ ಅವನ ಮುಖಕ್ಕೆ ಕಳೆ ಬರುತ್ತದೆ.

“ಎಷ್ಟು ಎಚ್‌ಪಿ ಮೋಟರ್ ಹಾಕ್ತಿ ತಮ್ಮಾ?”

“ಇದರಾಗ ಎಚ್‌ಪಿ ಇಲ್ರಿ. ವ್ಯಾಟ್ ಲೆಕ್ಕ. ಹಳೀ ಕಾಲದ ಒಂದು ಬಲ್ಬಿನಷ್ಟೂ ಉಣ್ಣಂಗಿಲ್ಲ ಈ ಪ್ರೊಸೆಸರ್.”

ಖಂಡೆಪ್ಪನಿಗೆ ನಿರಾಸೆಯಾಯಿತು. ಗಾಜಿನ ಕಪಾಟಿನಲ್ಲಿ ಮೂರು ಫ್ಯಾನಿನ ಒಂದು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇತ್ತು. ಅದನ್ನೇ ಹಾಕು ಎಂದು ಬೆರಳು ತೋರಿಸಿದ. ಅದು ಆಟ ಆಡುವವರಿಗೆ ಬೇಕಾದದ್ದು, ಸಿನಿಮಾ ತೋರಿಸುವಷ್ಟು ಶಕ್ತಿ ಪ್ರೊಸೆಸರಿನ ಒಳಗೇ ಇದೆ ಎಂದು ಭಾಗ್ಯಜ್ಯೋತಿ ಅವನ ಕಿವಿಯ ಹತ್ತಿರ ಬಾಗಿ ತಿಳಿಸಬೇಕಾಯಿತು.

ಆಗ ಗುರವ್ವ ಕೇಳಿದಳು.

“ಗುಂಯ್ ಅಂತೈತೇನು ಅದು?”

“ಸ್ವಲ್ಪ ಅಂತೈತ್ರಿ ಅವ್ವಾರ. ಫ್ಯಾನ್ ಇದ್ದಮ್ಯಾಲ...”

“ಹಂಗಾರ ಬ್ಯಾಡ. ಮುಂಜಾನಿಂದ ಸಂಜೀತನಾ ಗಿರಣಿ ಕೇಳ್ತೇನಿ. ಮನ್ಯಾಗ ಇನ್ನೊಂದು ಗಿರಣಿ ಬ್ಯಾಡ.”

ತಬ್ರೇಜ ಗಲ್ಲ ಕೆರೆದುಕೊಂಡ. ಆಮೇಲೆ ಅಟ್ಟದಿಂದ ಒಂದು ಕಪ್ಪು ಅಲ್ಯೂಮಿನಿಯಂ ಡಬ್ಬಿ ತೆಗೆದ. ಅದರ ಎರಡೂ ಬದಿಗೆ ಬಾಚಣಿಗೆಯ ಹಲ್ಲಿನಂತೆ ಪಟ್ಟಿಗಳಿದ್ದವು. ಒಳಗಿನ ಕಾವು ಆ ಪಟ್ಟಿಗಳ ಮೂಲಕ ತಾನಾಗಿಯೇ ಹೊರಗೆ ಹೋಗುತ್ತದೆ, ಫ್ಯಾನೇ ಬೇಡ ಎಂದ. ತಿರುಗುವ ಹಾರ್ಡ್ ಡಿಸ್ಕಿನ ಬದಲು ತಿರುಗದ ಎಸ್‌ಎಸ್‌ಡಿ. ಪವರ್ ಸಪ್ಲೈ ಕೂಡ ಲ್ಯಾಪ್‌ಟಾಪಿನದರಂತೆ ಹೊರಗಿರುವ ಅಡಾಪ್ಟರ್. ಒಳಗೆ ಅಲುಗಾಡುವ ವಸ್ತು ಒಂದೂ ಇಲ್ಲ.

ಗುರವ್ವ ಅಂಗಡಿಯ ಮೇಲಿನ ಫ್ಯಾನ್ ಬಂದ್ ಮಾಡಿಸಿದಳು. ಅದೇ ಥರದ ಡಬ್ಬಿಯ ಇನ್ನೊಂದು ಕಂಪ್ಯೂಟರ್ ಅಲ್ಲಿ ನಡೆಯುತ್ತಿತ್ತು. ಅದರ ಮೇಲೆ ಕಿವಿಯಿಟ್ಟು ಕೇಳಿದಳು. ಎಲ್ಲರೂ ಬೆವರುತ್ತ ಕಾದರು.

“ಇದು ಜೀವಂತ ಐತೋ ಇಲ್ಲೋ?”

“ಐತ್ರಿ, ಸ್ಕ್ರೀನ್ ನೋಡ್ರಿ.”

“ಇದನ್ನ ಕೊಡು,” ಎಂದಳು.

ಸ್ಪೀಕರ್ ಆರಿಸುವಾಗ ಮಾತ್ರ ಖಂಡೆಪ್ಪ ಯಾರ ಮಾತೂ ಕೇಳಲಿಲ್ಲ. ಒಂದೊಂದರ ಮೇಲೂ ಅಂಗೈ ಇಟ್ಟು ನೋಡಿ, ಕೈ ನಡುಗಿಸುವ ದೊಡ್ಡ ಬೇಸ್ ಡಬ್ಬಿಯನ್ನೇ ತಗೊಂಡ. ಅವ್ವನಿಗೆ ಅಷ್ಟು ಸದ್ದು ಆಗುವುದಿಲ್ಲವೆಂದು ಭಾಗ್ಯಜ್ಯೋತಿ ಅಪ್ಪನಿಗಾಗಿ ಒಂದು ಬ್ಲೂಟೂತ್ ಹೆಡ್‌ಫೋನನ್ನೂ ಸೇರಿಸಿದಳು.

ಗಿರಣಿಗೆ ರಜೆಯಿದ್ದ ಅಮಾವಾಸ್ಯೆಯ ಮಧ್ಯಾಹ್ನ ಮೊದಲ ಆಟ. ಒಂದು ಹಾಸ್ಯದ ಸಿನಿಮಾ. ಗುರವ್ವ, ಭಾಗ್ಯಜ್ಯೋತಿ ನಕ್ಕು ಸುಮ್ಮನಾದ ಮೇಲೆ ಹೆಡ್‌ಫೋನ್ ಹಾಕಿಕೊಂಡಿದ್ದ ಖಂಡೆಪ್ಪ ನಗುತ್ತಿದ್ದ. ಅವನ ನಗು ನೋಡಿ ಇವರಿಗೆ ಮತ್ತೆ ನಗು. ಮೊದಮೊದಲು ಅಪ್ಪನಿಗೆ ತಡವಾಗಿ ಅರ್ಥವಾಗುತ್ತಿದೆ ಅಂದುಕೊಂಡ ಭಾಗ್ಯಜ್ಯೋತಿ, ಅನುಮಾನ ಬಂದು ಹೆಡ್‌ಫೋನ್ ತನ್ನ ಕಿವಿಗೆ ಇಟ್ಟುಕೊಂಡಳು. ತೆರೆಯ ಮೇಲೆ ನಟ ಬಾಯಿ ಮುಚ್ಚಿದ ಮೇಲೆ ಮಾತು ಬರುತ್ತಿತ್ತು. ತಬ್ರೇಜನಿಗೆ ಫೋನ್ ಹಚ್ಚಿದಳು.

“ಗಾಳಿ ಮ್ಯಾಲೆ ಬರೂದಕ್ಕ ಹಂಗ ಆಗ್ತೈತ್ರಿ ಅಕ್ಕಾರ. ವೈರಿಂದು ಕೊಡ್ತೇನಿ, ಬದಲಿ ಮಾಡ್ಕೋರಿ.”

ಮುಂದಿನ ಸಲ ಅವಳು ಬಂದಾಗ ಉದ್ದನೆಯ ವೈರಿನ ಹೆಡ್‌ಫೋನ್ ಬಂತು. ಈಗ ಮೂವರೂ ಒಟ್ಟಿಗೆ ನಕ್ಕರು. ಸಿನಿಮಾದಲ್ಲಿ ಹಳ್ಳಿಯ ಬೆಳಗು ಬಂದಾಗ ಖಂಡೆಪ್ಪ ಕೈ ಎತ್ತಿ ನಿಲ್ಲಿಸಲು ಹೇಳಿದ.

“ಇದೇನು ಚಿಂವ್ ಚಿಂವ್ ಅನ್ನಾಕತ್ತೈತಿ?”

“ಗುಬ್ಬಿ, ಅಪ್ಪಾ.”

ಅವನು ಹೆಡ್‌ಫೋನ್ ತೆಗೆದಿಟ್ಟು ಗಿರಣಿಯ ಅಂಗಳಕ್ಕೆ ಹೋದ. ಅಲ್ಲಿ ಚೆಲ್ಲಿದ ಜೋಳಕ್ಕೆ ದಿನವೂ ಗುಬ್ಬಿ ಮುತ್ತುತ್ತವೆ. ಅವು ಕೊಕ್ಕು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಅವನು ಬಹಳ ಹೊತ್ತು ನೋಡುತ್ತ ನಿಂತ. ಒಳಗೆ ಬಂದು ಮಗಳ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದ:

“ತಪ್ಪು ಟಿವಿದಲ್ಲವ್ವಾ. ನನ್ನ ಕಿವೀನ ಹೋಗ್ಯಾವ.”

ಹಿಂದಿನಿಂದ ಗುರವ್ವ ಬಂದು ಅವನ ಹೆಗಲ ಮೇಲಿನ ಹಿಟ್ಟು ಕೊಡವಿದಳು. ಮರುವಾರವೇ ಭಾಗ್ಯಜ್ಯೋತಿ ಅವನನ್ನು ವಿಜಯಪುರದ ಕಿವಿ ಡಾಕ್ಟರ ಹತ್ತಿರ ಕರೆದೊಯ್ದಳು. ಎರಡೂ ಕಿವಿಗೆ ಕೇಳಿಸುವ ಮಷಿನ್ ಬಂದವು. ಗಿರಣಿ ನಡೆಯುವಾಗ ಅವನ್ನು ತೆಗೆದಿಟ್ಟು ಕಿವಿ ಮುಚ್ಚುವ ದಪ್ಪ ಬಿಲ್ಲೆ ಹಾಕಿಕೊಳ್ಳಬೇಕು, ಮೋಟರ್ ನಿಂತಾಗ ಹಚ್ಚಿಕೊಳ್ಳಬೇಕು ಎಂದು ಡಾಕ್ಟರು ಹೇಳಿದರು. ಖಂಡೆಪ್ಪ ತಕರಾರಿಲ್ಲದೆ ಪಾಲಿಸಿದ.

ಊರಿಗೆ ಈ ಸುದ್ದಿ ಇನ್ನೂ ಗೊತ್ತಿರಲಿಲ್ಲ. ಒಂದು ದಿನ ಕರೆಂಟ್ ಹೋಗಿ ಗಿರಣಿ ನಿಂತಿತ್ತು. ಜೋಳದ ಬುಟ್ಟಿ ಹಿಡಿದು ಕಾಯುತ್ತಿದ್ದ ಅಬಿದಾ ಪಕ್ಕದವಳಿಗೆ, ಖಂಡೆಪ್ಪನ ಎದುರಿಗೇ, ಎಂದಿನಂತೆ ಹೇಳಿದಳು:

“ಈ ಮುದುಕ ಹಿಟ್ಟು ಬಾಳ ದಪ್ಪ ಬೀಸ್ತಾನ. ರೊಟ್ಟಿ ಹರಿದು ಹೋಗ್ತಾವ.”

ಖಂಡೆಪ್ಪ ಮೋಟರಿನ ಬೆಲ್ಟ್ ಒರೆಸುತ್ತಲೇ, ತಲೆ ಎತ್ತದೆ ಹೇಳಿದ: “ಸಣ್ಣ ಬೇಕಂದ್ರ ಮೊದಲ ಹೇಳಬೇಕಿಲ್ಲವಾ, ಅಬಿದಾ?”

ಅಬಿದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಗುರವ್ವನಿಗೆ ನಗು ತಡೆಯಲಾಗಲಿಲ್ಲ. ಕರೆಂಟ್ ಬಂದಾಗ ಅಬಿದಾ ಬುಟ್ಟಿ ಮುಂದೆ ನೂಕಿ, “ಹಂಗಾರ ಇವತ್ತ ಸಣ್ಣಗ ಬೀಸ್ರಿ ಕಾಕಾ,” ಎಂದಳು. ಖಂಡೆಪ್ಪ ಮಷಿನ್ ತೆಗೆದು ಅಂಗಿಯ ಕಿಸೆಗೆ ಹಾಕಿ, ಕಿವಿಗೆ ಬಿಲ್ಲೆ ಹಾಕಿಕೊಂಡು, ಬೀಸುವ ಕಲ್ಲುಗಳನ್ನು ಸ್ವಲ್ಪ ಬಿಗಿ ಮಾಡಿ, ಮೋಟರ್ ಚಾಲೂ ಮಾಡಿದ.