ಹಾಳೆ ತಿರುವಿದ ಸದ್ದು

ಬೆಳಗಿನ ಬಸ್ಸಿನಲ್ಲಿ ಶಾಲೆಗೆ ಹೊರಟ ಸೌಭಾಗ್ಯ ಅಕ್ಕೋರು ಫೋನು ಕಿವಿಗೆ ಹಿಡಿದು ಕೂತರೆಂದರೆ ಇಳಿಯುವ ತನಕ ತುಟಿ ಬಿಚ್ಚುವುದಿಲ್ಲ. ಪಕ್ಕದಲ್ಲಿ ಕೂರುವವಳು ಗೊಲ್ಲಾಳಮ್ಮ, ರಂಗಂಪೇಟೆಯಿಂದ ಹಳ್ಳಿಗಳಿಗೆ ಬಳೆ ಮಾರಲು ಹೋಗುವ ಹೆಂಗಸು. ಎಷ್ಟು ದಿನ ಅಂತ ತಡೆದಾಳು? ಒಂದು ದಿನ ಕೇಳಿಯೇಬಿಟ್ಟಳು.

"ಯಾರದ್ರಿ ಅಕ್ಕೋರ ಫೋನು? ಬರೇ ಆ ಕಡಿಯವ್ರ ಮಾತಾಡಾಕತ್ತಾರ. ನೀವು ಹೂಂ ಅನ್ನಂಗಿಲ್ಲ, ಹಾಂ ಅನ್ನಂಗಿಲ್ಲ. ಅತ್ತಿ ಏನು ಮತ್ತ?"

"ಅತ್ತಿ ಸತ್ತು ಎಂಟು ವರ್ಷ ಆತಬೇ."

"ಹಂಗಾರ ಸತ್ತ ಮ್ಯಾಲೂ ಬಿಟ್ಟಿಲ್ಲ ಬಿಡ್ರಿ!"

ಅಕ್ಕೋರು ನಕ್ಕರು. ಅದು ಯಾರ ಕರೆಯೂ ಅಲ್ಲ, ಸೆಪ್ಟೆಂಬರಿನಲ್ಲಿ ತಾವೇ ಹಿಡಿದಿಟ್ಟ ಧ್ವನಿ ಎಂದು ಹೇಳಲಿಲ್ಲ. ನಾಲ್ಕನೇ ತರಗತಿಯ ಗಂಗಾ ಆಮೆಯ ಪಾಠ ಓದುತ್ತಿದ್ದಾಳೆ. "ಆಮೆ ದಂಡೆಗೆ ಬಂದು ಮರಳು ತೋಡಿ..." ಅಲ್ಲಿಗೆ ಪುಟ ಮುಗಿಯುತ್ತದೆ. ಹುಡುಗಿ ಬೆರಳು ನಾಲಿಗೆಗೆ ಮುಟ್ಟಿಸಿಕೊಳ್ಳುತ್ತಾಳೆ. ಸರಕ್ ಎಂದು ಹಾಳೆ ತಿರುಗಿದ ಸದ್ದು, ಒಂದು ಉಸಿರು, ಆಮೇಲೆ "...ಮೊಟ್ಟೆ ಇಟ್ಟು ನೀರಿಗೆ ಹೋಯಿತು."

ಆ ಸರಕ್ ಎಂಬ ಸದ್ದಿಗಾಗಿಯೇ ಅಕ್ಕೋರು ಅದನ್ನು ಮತ್ತೆ ಮತ್ತೆ ಕೇಳುತ್ತಾರೆ.

ಓದು ಕೇಳುವ ಹುಚ್ಚು ಅವರಿಗೆ ಅಪ್ಪನಿಂದ ಬಂದದ್ದು. ರಂಗಂಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಜಗದೇವಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಸಕ್ಕರೆ ಪೊಟ್ಟಣ ಕಟ್ಟುವ ಮುಂಚೆ ಆ ಪೇಪರಿನ ತುಂಡನ್ನು ಮಗಳ ಕೈಗೆ ಕೊಟ್ಟು, "ಏನ್ ಬರದಾರ ಓದವ್ವ" ಅನ್ನುತ್ತಿದ್ದ. ಗಿರಾಕಿ ಕಾಯಬೇಕು. ಓದಿದರೆ ಯಾವಾಗಲೂ ಅರ್ಧ ಸುದ್ದಿ. ಉಳಿದರ್ಧ ಯಾರ ಮನೆಗೆ ಸಕ್ಕರೆಯ ಜೊತೆ ಹೋಗಿರುತ್ತಿತ್ತೋ. ಮುಂದೇನಾಯಿತು ಎಂದು ತಿಳಿಯದೆ ಉಳಿದ ಸುದ್ದಿಗಳ ಹಂಬಲ ಇಟ್ಟುಕೊಂಡೇ ಆ ಹುಡುಗಿ ಟೀಚರ್ ಆದಳು. ಇಪ್ಪತ್ತೇಳು ವರ್ಷವಾಯಿತು. ದೇವಾಪುರದಾಚೆ, ಹೊಳೆ ಕಡೆಯ ಒಂದು ದೊಡ್ಡಿಯ, ಅಂದರೆ ಪುಟ್ಟ ಹಟ್ಟಿಯ, ಶಾಲೆಯಲ್ಲಿ ಹನ್ನೆರಡು ವರ್ಷ. ದನಿ ತುಂಬಿಕೊಳ್ಳುವ ಫೋನು ಕೈಗೆ ಬಂದಾಗಿನಿಂದ ಪ್ರತಿ ಮಗುವಿನ ಓದನ್ನು ತಿಂಗಳಿಗೊಮ್ಮೆ ಹಿಡಿದಿಡುತ್ತಾರೆ. ಇದನ್ನು ಅವರಿಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಈ ವರ್ಷ ಶಾಲೆಗೆ ಟ್ಯಾಬ್ ಬಂತು. ಮಗು ಓದಿದರೆ ಅದೇ ಕೇಳಿಸಿಕೊಂಡು ನಿಮಿಷಕ್ಕೆ ಎಷ್ಟು ಪದ ಎಂದು ಎಣಿಸುತ್ತದೆ, ಅಂಕ ಕೊಡುತ್ತದೆ, ಹೆಸರಿನ ಸಾಲು ಹಸಿರಾಗುತ್ತದೆ. ಅಕ್ಕೋರು ಅದನ್ನು ಹಳಿಯಲಿಲ್ಲ. ಯಾರ ಮುಂದೆಯೂ ಬಾಯಿ ತೆರೆಯದ ರೇಣಮ್ಮ ಎಂಬ ಹುಡುಗಿ ಆ ಟ್ಯಾಬಿನ ಮುಂದೆ ಮೊದಲ ಸಲ ಗಟ್ಟಿಯಾಗಿ ಓದಿದ್ದಳು. "ಅದು ಬೈಯಂಗಿಲ್ಲಲ್ರಿ" ಅಂದಿದ್ದಳು. ಆ ಮಾತು ಅಕ್ಕೋರಿಗೆ ಚುಚ್ಚಿತ್ತು, ಹಿಡಿಸಿಯೂ ಇತ್ತು.

ಆದರೆ ದೀಪಾವಳಿ ಮುಗಿದ ಮರುದಿನ ಗಂಗಾ ಹೊರಟುಹೋದಳು. ಅಪ್ಪ ಮರಿಲಿಂಗಪ್ಪ, ಅವ್ವ ಶೇಖಮ್ಮ ಹೊಳೆಯಲ್ಲಿ ಮೀನು ಹಿಡಿಯುವವರು. ಹೊಳೆ ಹೊಟ್ಟೆಗೆ ಸಾಲದ ತಿಂಗಳುಗಳಲ್ಲಿ ಪುಣೆಗೆ, ಬಿಲ್ಡಿಂಗ್ ಕೆಲಸಕ್ಕೆ. ಟಂಟಂ ಆಟೋದಲ್ಲಿ ಪಾತ್ರೆಗಳ ನಡುವೆ ಕೂತ ಗಂಗಾ ಆಮೆಯ ಪುಸ್ತಕವನ್ನು ಎದೆಗವಚಿಕೊಂಡಿದ್ದಳು.

ಟ್ಯಾಬಿನಲ್ಲಿ ಅವರ ತರಗತಿಯ ಇಪ್ಪತ್ತೆರಡು ಸಾಲು ಹಸಿರು, ಒಂದು ಕೆಂಪು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಟ್ಯಾಬಿನ ಆ್ಯಪ್ ಮಾಡಿದ ಪುಣ್ಯಾತ್ಮರು ಹಾಜರು, ಗೈರು ಎಂದು ಎರಡು ಗುಂಡಿ ಇಟ್ಟಿದ್ದಾರೆ. 'ದುಡಿಯಲು ಹೋದವರ ಜೊತೆ ಹೋಗಿದೆ' ಎಂಬ ಗುಂಡಿ ಇಲ್ಲ. ಅಂಥದೊಂದು ಗುಂಡಿ ಬೇಕಾಗುತ್ತದೆ ಎಂದು ಅವರಿಗೆ ಹೊಳೆಯಬೇಕಾದರೆ ಒಮ್ಮೆಯಾದರೂ ಯಾದಗಿರಿ ಸ್ಟೇಷನ್ನಿನಲ್ಲಿ ಮಕ್ಕಳು ಗಂಟುಮೂಟೆಯ ಮೇಲೆ ಕೂತದ್ದನ್ನು ನೋಡಿರಬೇಕಿತ್ತು. ಆ ದೊಡ್ಡಿಯಿಂದ ಹನ್ನೊಂದು ಮಕ್ಕಳು ಹೋಗಿದ್ದರು. ಬೇರೆ ತರಗತಿಗಳ ಹತ್ತು ಸಾಲುಗಳನ್ನು ಉಳಿದ ಟೀಚರುಗಳು ಹೇಗೋ ಹಸಿರು ಮಾಡಿದ್ದರು. ಹೋದವರ ಮಕ್ಕಳನ್ನು ಊರಲ್ಲೇ ಉಳಿಸಿ, ಊಟ ಹಾಕಿ ಓದಿಸುವ ವಸತಿಯನ್ನು ಕೇಳೋಣವೆಂದರೆ ಪಟ್ಟಿಯ ಪ್ರಕಾರ ಯಾರೂ ಹೋಗಿಯೇ ಇಲ್ಲ! ಗಂಗಾಳ ಸಾಲೂ ಹಸಿರಾದರೆ ಆ ದೊಡ್ಡಿಯಲ್ಲಿ ಕಳೆದುಹೋದ ಮಗುವೇ ಇಲ್ಲವೆಂದಾಯಿತು.

ಡಿಸೆಂಬರಿನ ಕೊನೆಗೆ ಸಿಆರ್‌ಪಿ ಚೇತನಕುಮಾರ ಶಾಲೆಗೇ ಬಂದ. ಸುತ್ತಲಿನ ಹದಿನೈದು ಶಾಲೆಗಳ ಉಸ್ತುವಾರಿ ಅವನದು. ಕೆಟ್ಟ ಹುಡುಗನಲ್ಲ, ಮೇಲಿನವರ ಫೋನಿಗೆ ಹೆದರಿದ ಹುಡುಗ.

"ಅಕ್ಕೋರ, ಹದಿನೈದು ಸಾಲ್ಯಾಗ ನಿಮ್ದೊಂದೇ ಕೆಂಪಗದ. ನನ್ನ ಮಾರಿನೂ ಕೆಂಪ ಮಾಡಾಕತ್ತಾರ ಅವ್ರು."

"ಹುಡುಗಿ ಊರಾಗಿಲ್ಲಪ್ಪ."

"ಫೋನ್ ಹಚ್ಚಿ ಓದಸ್ರಿ. ಟ್ಯಾಬಿನ ಮುಂದ ಹಿಡೀರಿ. ಸುಳ್ಳೇನ್ ಬರಿ ಅನ್ನಾಕತ್ತಿಲ್ಲ ನಾ. ಆಕಿನೇ ಓದ್ತಾಳ, ಮಿಷಿನ್ನೇ ಅಂಕ ಹಾಕ್ತದ."

ತಪ್ಪಿಲ್ಲವಲ್ಲ ಅನ್ನಿಸಿತು ಅಕ್ಕೋರಿಗೆ. ಅದಕ್ಕಿಂತ ಹೆಚ್ಚಾಗಿ, ಆ ದನಿಯನ್ನು ಕೇಳಬೇಕಿತ್ತು. ಎರಡು ತಿಂಗಳಿಂದ ಹಳೆಯದನ್ನೇ ಕೇಳಿ ಕೇಳಿ ಕಿವಿ ಹಸಿದಿತ್ತು. ಫೋನು ಹಚ್ಚಿದರು. ಮಧ್ಯಾಹ್ನದ ಊಟದ ಹೊತ್ತು, ಶೇಖಮ್ಮ ಎತ್ತಿದಳು. ಹಿಂದೆ ಕಾಂಕ್ರೀಟ್ ಕಲಸುವ ಯಂತ್ರದ ಗಡಗಡ.

"ಅಕ್ಕೋರ್ರಿ ನೀವಾ? ಏ ಗಂಗಾ, ಓಡಿ ಬಾ! ನಿಮ್ಮ ಅಕ್ಕೋರು!"

"ಅಕ್ಕೋರ..." ಅಂದಳು ಹುಡುಗಿ. ಅಕ್ಕೋರು ಸ್ಪೀಕರ್ ಹಾಕಿ ಫೋನನ್ನು ಟ್ಯಾಬಿನ ಮುಂದೆ ಹಿಡಿದರು.

"ಆಮಿ ಪಾಠ ಓದ್ತಿಯೇನವ್ವ?"

"ಓದ್ತೀನ್ರಿ!"

ಓದಿದಳು. ತಡವರಿಕೆ ಇಲ್ಲದೆ, ಹಾಡಿದ ಹಾಗೆ. "ಆಮೆ ದಂಡೆಗೆ ಬಂದು ಮರಳು ತೋಡಿ..." ಅಲ್ಲಿ ನಿಂತಳು. ಒಂದು ಉಸಿರು. "...ಮೊಟ್ಟೆ ಇಟ್ಟು ನೀರಿಗೆ ಹೋಯಿತು." ಮುಗಿಯುತ್ತಲೇ ಟ್ಯಾಬಿನಲ್ಲಿ ಸಾಲು ಹಸಿರಾಯಿತು. ನಿಮಿಷಕ್ಕೆ ಐವತ್ತೆಂಟು ಪದ. ಉತ್ತಮ. ಮಕ್ಕಳು ಚಪ್ಪಾಳೆ ಹೊಡೆದರು. ಚೇತನಕುಮಾರ ಹಣೆ ಒರೆಸಿಕೊಂಡ.

ಅಕ್ಕೋರು ಮಾತ್ರ ಅಲ್ಲಾಡಲಿಲ್ಲ. ನಿಲ್ಲುವ ಜಾಗದಲ್ಲಿ ಹುಡುಗಿ ನಿಂತಿದ್ದಳು, ಉಸಿರೂ ಎಳೆದಿದ್ದಳು. ಆದರೆ ಹಾಳೆಯ ಸದ್ದು ಇರಲಿಲ್ಲ.

"ಗಂಗಾ, ಪುಸ್ತಕ ಎಲ್ಲದ?"

ಅಕ್ಕೋರು ದನಿ ಮೆತ್ತಗೆ ಮಾಡಿದರು.

"ಬೈಯಂಗಿಲ್ಲ, ಹೇಳವ್ವ."

"ಸಿಮೆಂಟಿನ ನೀರಾಗ ಬಿದ್ದು ಹೋತ್ರಿ. ಬಂದ ವಾರದಾಗೇ."

"ಮತ್ತ ಈಗ ಏನ್ ನೋಡಿ ಓದಿದಿ?"

"ಏನೂ ಇಲ್ರಿ. ಕಣ್ಣು ಮುಚ್ಚಿ ದಿನಾ ಹಂಗೇ ಓದ್ತೀನ್ರಿ. ಪುಟ ಮುಗದಲ್ಲಿ ಬಳ್ಳು ನಾಲಗಿಗಿ ಹಚ್ಕೊಂಡು ತಿರುವ್ತೀನ್ರಿ."

ಅಕ್ಕೋರು ಮುಂದಿನ ಪಾಠದ ಮೊದಲ ಪುಟದ ಫೋಟೋ ತೆಗೆದು ಕಳಿಸಿದರು. "ಇದನ್ನ ಓದು" ಅಂದರು. ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ, "ಮ... ಮಳೆ..." ಎಂದು ತಡವರಿಸಿದಳು. "ಅಕ್ಕೋರ, ಮುಂದಿಂದು ಮರ್ತಿದಂಗ ಆಗ್ಯಾದ್ರಿ. ಇಲ್ಲಿ ಬೋರ್ಡಿನ ಮ್ಯಾಲೆಲ್ಲ ಬ್ಯಾರೆ ಅಕ್ಷರ ಅವ."

ಒಂದು ಮಗು ತನ್ನ ಅಕ್ಷರ ಎಲ್ಲಿ ಉದುರಿಹೋದಾವೋ ಎಂದು ಇದ್ದ ಒಂದೇ ಪಾಠವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕೂತಿತ್ತು. ಯಂತ್ರ ಅದಕ್ಕೆ 'ಉತ್ತಮ' ಎಂದು ಬರೆದಿತ್ತು. ಯಂತ್ರದ ತಪ್ಪೇನಿದೆ? ಹಸಿರೇ ಬೇಕೆಂದು ಕೂತವರನ್ನು ಕೇಳಬೇಕು.

ನಾಳೆ ಮತ್ತೆ ಹಚ್ಚುತ್ತೇನೆಂದು ಹೇಳಿ ಅಕ್ಕೋರು ಫೋನು ಇಟ್ಟರು. ಟ್ಯಾಬ್ ಎತ್ತಿಕೊಂಡು ಗಂಗಾಳ ದಾಖಲೆ ಅಳಿಸಿದರು. ಸಾಲು ಮತ್ತೆ ಕೆಂಪಾಯಿತು.

"ಏನ್ ಮಾಡಿದ್ರಿ ಅಕ್ಕೋರ! ಮ್ಯಾಲಿನವ್ರು ನೋಟಿಸ್ ಕೊಡ್ತಾರ್ರಿ!"

"ಕೊಡ್ಲಿ ತಮ್ಮ. ನೋಟಿಸಿನ್ಯಾಗರೆ ಗಂಗಾನ ಹೆಸರು ಬರ್ತದಲ್ಲ."

ಚೇತನಕುಮಾರ ಗಾಡಿ ಹತ್ತಿದ. ಅಕ್ಕೋರು ಅಂದೇ ಬಿಳಿ ಹಾಳೆಯ ಮೇಲೆ ಹನ್ನೊಂದೂ ಮಕ್ಕಳ ಹೆಸರು ಬರೆದು ಸುರಪುರದ ಶಿಕ್ಷಣ ಕಚೇರಿಗೆ ಕೊಟ್ಟು ಬಂದರು. ನೋಟಿಸು ವಾರದಲ್ಲಿ ಬಂತು. ವಸತಿಯ ಮಾತು ಇನ್ನೂ ಬಂದಿಲ್ಲ. ಪುಸ್ತಕ ಅಂಚೆಗೆ ಹಾಕೋಣವೆಂದರೆ ವಿಳಾಸವಿಲ್ಲ. ಬಿಲ್ಡಿಂಗಿಗೆ ವಿಳಾಸ ಹುಟ್ಟುವುದು ಕಟ್ಟಿ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಕಟ್ಟಿದವರು ಅಲ್ಲಿರುವುದಿಲ್ಲ.

ಹಾಗಾಗಿ ದಿನಕ್ಕೊಂದು ಪುಟದ ಫೋಟೋ. ಮರಿಲಿಂಗಪ್ಪ ಕೆಲಸಕ್ಕೆ ಹತ್ತುವ ಮುಂಚೆ, ಅಕ್ಕೋರು ಬಸ್ಸಿನಲ್ಲಿರುವ ಹೊತ್ತಿಗೆ, ಫೋನಿನಲ್ಲಿ ಕಾಲು ಗಂಟೆ ಓದು.

"ಮಳೆ... ಬಂ... ಬಂದು..."

"ಹೂಂ."

"ಕೆ... ರೆ..."

"ಹೂಂ. ಮುಂದ?"

ಗೊಲ್ಲಾಳಮ್ಮ ಬಳೆ ಬುಟ್ಟಿ ತೊಡೆಗೆಳೆದುಕೊಂಡು ಕಣ್ಣರಳಿಸಿದಳು. "ಇವತ್ತ ಹೂಂ ಅನ್ನಾಕತ್ತೀರಿ! ಏನಂತಾಳ್ರಿ ಅತ್ತಿ?"

"ಸುಮ್ಕಿರಬೇ," ಅಂದರು ಅಕ್ಕೋರು, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು. ಪುಟ ಮುಗಿಯುವ ಜಾಗ ಹತ್ತಿರ ಬಂದಿತ್ತು. ಫೋಟೋಕ್ಕೆ ಹಾಳೆಯ ಸದ್ದು ಇರುವುದಿಲ್ಲ ಎಂದು ಅವರಿಗೆ ಗೊತ್ತು. ಆದರೂ ಕಾಯುತ್ತಾರೆ.