ತಕ್ಕಡಿ ಹತ್ತಿದ ಎದೆ ಭಾರ

ಬೇರೆಯವರಿಗೆ ಹಳೆಯ ನೆನಪುಗಳು ಮಲ್ಲಿಗೆಯ ಜೊತೆಗೋ ಮೊದಲ ಮಳೆಯ ಮಣ್ಣಿನ ಜೊತೆಗೋ ಬರುತ್ತವಂತೆ. ನನಗೆ ಬಂದದ್ದು ಬಾಡಿದ ಎಲೆಕೋಸಿನ ಜೊತೆ. ಹೋದ ವಾರ ತಾಳವಾಡಿ ಬಸ್ ಸ್ಟ್ಯಾಂಡಿನಲ್ಲಿ ಚಾಮರಾಜನಗರದ ಬಸ್ಸಿಗೆ ಕಾಯುತ್ತಿದ್ದೆ. ಲೋಡು ಇಳಿಸಿ ಬಂದ ಗೂಡ್ಸ್ ಗಾಡಿಯೊಂದು ಪಕ್ಕದಲ್ಲೇ ನಿಂತಿತು. ಒದ್ದೆ ಗೋಣಿ, ಕಾಲಡಿ ಸಿಕ್ಕಿ ನುಜ್ಜಾದ ಕೋಸಿನೆಲೆ, ಅದರ ಮೇಲೆ ಬಿಸಿ ಡೀಸೆಲ್ಲು… ಪಕ್ಕದಲ್ಲಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನಾನು ಮಾತ್ರ ಮೂಗು ಅರಳಿಸಿಕೊಂಡು ನಿಂತೆ. ಹುಡುಗನಿಗೆ ಏನೋ ಆಗಿದೆ ಅಂದುಕೊಂಡಿರಬೇಕು ನೋಡಿದವರು. ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ಅದು ಪಕ್ಕದ ಮನೆ ಮಾವನ ವಾಸನೆ.

ಮಾವ ಅಂದರೆ ರಕ್ತ ಸಂಬಂಧವಲ್ಲ, ಗೋಡೆ ಸಂಬಂಧ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವರ ಕುಕ್ಕರ್ ಕೂಗಿದರೆ ನಮ್ಮವ್ವ ಎದ್ದುಹೋಗಿ ನಮ್ಮ ಒಲೆ ಆರಿಸುತ್ತಿದ್ದಳು. ಮಾವನಿಗೆ ಒಂದು ಗೂಡ್ಸ್ ಗಾಡಿ ಇತ್ತು. ತಮಿಳುನಾಡಿನ ಗಡಿಯೊಳಗಿರುವ ನಮ್ಮ ಕಡೆಯ ಹೊಲಗಳ ಕೋಸು, ಬೀಟ್ರೂಟು, ಬಾಳೆಗೊನೆಗಳನ್ನು ತುಂಬಿಕೊಂಡು ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೆ ಹಾಕುವುದು, ಖಾಲಿ ಗಾಡಿಯಲ್ಲಿ ವಾಪಸ್ಸು ಹತ್ತುವುದು. ಆ ಘಾಟಿಯ ಒಂದೊಂದು ತಿರುವೂ ಮಾವನಿಗೆ ಹತ್ತಿರದ ನೆಂಟರಂತೆ. ಯಾವುದು ಸಿಟ್ಟಿನದು, ಯಾವುದು ಸಾಧು, ಯಾವುದರ ಹತ್ತಿರ ಸಂಜೆಯಾದರೆ ಆನೆ ನಿಂತಿರುತ್ತದೆ, ಎಲ್ಲ ಗೊತ್ತು.

ಇಂಥ ಮಾವ ಮೊಬೈಲ್ ಗೇಮಿನಲ್ಲಿ ಒಂದು ದಿನವೂ ಗೆದ್ದವನಲ್ಲ.

ಸಂಜೆ ಕೈಕಾಲು ತೊಳೆದು ಜಗಲಿಗೆ ಬಂದರೆ ಎಡಗಡೆ ಮಗಳು, ಬಲಗಡೆ ಮಗ, ನಡುವೆ ಮಾವ, ಅವನ ಕೈಯಲ್ಲಿ ಗಾಜು ಬಿರಿದ ಫೋನು. ಕಾರು ರೇಸಿನ ಆಟ. ಮೂವರೂ ಸರದಿಯಲ್ಲಿ ಆಡುತ್ತಿದ್ದರು. ಮಕ್ಕಳ ಕಾರು ಗಾಳಿಯಂತೆ ಹೋಗುತ್ತಿತ್ತು. ಮಾವನ ಸರದಿ ಬಂದರೆ ಕಾರು ಪ್ರತಿ ತಿರುವಿನಲ್ಲೂ ನಿಧಾನವಾಗುತ್ತಿತ್ತು, ಜೊತೆಗೆ ಮಾವನ ಇಡೀ ಮೈ ಆ ಕಡೆ ವಾಲುತ್ತಿತ್ತು, ಅವನಿಗೆ ಒರಗಿ ಕೂತ ಮಕ್ಕಳೂ ವಾಲುತ್ತಿದ್ದರು.

"ಅಪ್ಪಾ, ಬ್ರೇಕ್ ಯಾಕ್ ಒತ್ತೀಯೆ?" ಅನ್ನುತ್ತಿದ್ದಳು ಮಗಳು.

"ತಿರುವು ಕಣವ್ವಾ. ಎದುರ್ಗೆ ಲೋಡ್ ಗಾಡಿ ಬಂದ್ರೆ?"

"ಬರಕಿಲ್ಲ ಕಣಪ್ಪಾ, ಇದು ರೇಸು!"

"ಬರಕಿಲ್ಲ ಅಂತ ನೀನೇನ್ ಕಂಡಿದ್ದಯಾ? ಇದ್ರಲ್ಲಿ ಆರ್ನು ಎಲ್ಲದೆ, ಅದ ತೋರ್ಸು ಮದ್ಲು."

ಒಳಗಿನಿಂದ ಅತ್ತೆ ಗೊಣಗುತ್ತಿದ್ದಳು, ಬೆಳಗ್ಗೆಯಿಂದ ಓಡಿಸಿದ್ದು ಸಾಲದೇ, ಮನೆಯಲ್ಲೂ ಗಾಡಿಯೇ ಎಂದು. ಮಾವ ಫೋನಿನಿಂದ ಕಣ್ಣು ತೆಗೆಯದೆ, "ಇದ್ರಲ್ಲಿ ಉರುಳುದ್ರೂ ಎದ್ ಬತ್ತೀನಿ ಕಣಮ್ಮೀ" ಅನ್ನುತ್ತಿದ್ದ.

ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು. ನನಗೆ ಬರುವುದು ಒಂದೇ ವಿದ್ಯೆ, ಅಣಕಿಸುವುದು. ಬಸ್ ಕಂಡಕ್ಟರು, ನಮ್ಮ ಮೇಷ್ಟ್ರು, ಸೊಸೈಟಿಯ ಗುಮಾಸ್ತರು, ಯಾರೂ ನನ್ನ ಬಾಯಿಂದ ತಪ್ಪಿಸಿಕೊಂಡಿಲ್ಲ. ಎಲ್ಲರ ದನಿ ಮಾಡಿ ಮಾಡಿ ನನ್ನ ದನಿ ಯಾವುದೆಂದು ನಮ್ಮವ್ವನಿಗೇ ಅನುಮಾನ. ಒಮ್ಮೆ ಬಾಗಿಲು ತಟ್ಟಿ "ಅವ್ವಾ" ಅಂದರೆ, "ಇವತ್ತು ಯಾರ್ಲಾ ನೀನು?" ಎಂದು ಕೇಳಿದ್ದಳು. ಇಂಥವನಿಗೆ ಮಾವನ ಜಗಲಿಯಲ್ಲಿ ಯಾವಾಗಲೂ ಜಾಗವಿತ್ತು. ಮಕ್ಕಳ ಆಟ ಮುಗಿದ ಮೇಲೆ ನನ್ನ ಆಟ.

ಆ ವರ್ಷ ಬೇಸಿಗೆ ರಜೆಗೆ ಮಕ್ಕಳಿಗೆ ಸಮುದ್ರ ತೋರಿಸುವುದಾಗಿ ಮಾವ ಮಾತು ಕೊಟ್ಟಿದ್ದ. ಅದಕ್ಕೂ ಹಿಂದಿನ ರಜೆಗಳಲ್ಲೂ ಕೊಟ್ಟಿದ್ದ. ಆದರೆ ಮಕ್ಕಳಿಗೆ ರಜೆ ಬಂದಾಗಲೇ ಗಾಡಿಗೆ ಲೋಡೂ ಬರುತ್ತಿತ್ತು, ರಜೆ ಲೋಡಿನ ಹಿಂದೆ ಹೋಗಿಬಿಡುತ್ತಿತ್ತು. ಈ ಸಲ ಮಾತ್ರ ಹಾಗಾಗುವುದಿಲ್ಲ ಎಂದು ಮಾವ ಮಗನ ತಲೆ ಮುಟ್ಟಿ ಹೇಳಿದ. ಪರೀಕ್ಷೆ ಮುಗಿದ ವಾರವೇ ರಾಮೇಶ್ವರ. ಮಗಳು ಹಾಕಿಕೊಳ್ಳುವ ಬಟ್ಟೆಯನ್ನೂ ಮಡಿಸಿಟ್ಟಿದ್ದಳು.

ಆ ದಿನಗಳಲ್ಲೇ ಮಾವ ಮೂಟೆ ಎತ್ತುವಾಗ ನಡುವೆ ನಿಲ್ಲತೊಡಗಿದ್ದ. ನಿಂತು ಎದೆ ಉಜ್ಜಿಕೊಳ್ಳುತ್ತಿದ್ದ. ಕೇಳಿದರೆ ಗ್ಯಾಸು ಅನ್ನುತ್ತಿದ್ದ. ನಮ್ಮ ಕಡೆ ಗಂಡಸರಿಗೆ ಬರುವುದು ಅದೊಂದೇ ಕಾಯಿಲೆ. ಕೊನೆಗೆ ಅತ್ತೆಯ ಕಾಟ ತಡೆಯದೆ ಒಂದು ದಿನ ಸತ್ಯಮಂಗಲದಲ್ಲಿ ಲೋಡು ಇಳಿಸಿದವನು ಅಲ್ಲೇ ಒಂದು ಸಣ್ಣ ಆಸ್ಪತ್ರೆಗೆ ಹೋಗಿ ಬಂದ. ಸಂಜೆ ಜಗಲಿಯಲ್ಲಿ ಅವನು ಹೇಳಿದ ಕಥೆ ಕೇಳಿ ನಾವೆಲ್ಲ ಉರುಳಾಡಿ ನಕ್ಕೆವು.

ಆಸ್ಪತ್ರೆ ತುಂಬ ಜನ, ಮಕ್ಕಳ ಅಳು. ಮೇಜಿನ ಹಿಂದೆ ಕೂತ ನರ್ಸಮ್ಮ ಏನು ತೊಂದರೆ ಎಂದು ತಮಿಳಿನಲ್ಲಿ ಕೇಳಿದ್ದಾಳೆ. ಮಾವ ನಮ್ಮ ಮಾತಿನಲ್ಲೇ "ಎದೆ ಬಾರ" ಅಂದಿದ್ದಾನೆ. ತಮಿಳಿನಲ್ಲಿ ಎಡೆ ಅಂದರೆ ತೂಕ. ಅವಳ ಕಿವಿಗೆ ಬಿದ್ದದ್ದು ಅದೇ. ತೂಕ ಭಾರ! ಮಾವನನ್ನು ತಲೆಯಿಂದ ಕಾಲಿನವರೆಗೂ ನೋಡಿ, ಹೊಟ್ಟೆಯ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನೋಡಿ, ಹೌದೆಂದು ಒಪ್ಪಿ, ತೂಕದ ಮೆಷಿನ್ ಹತ್ತಿಸಿದ್ದಾಳೆ. ಅವಳು ಬರೆದ ಚೀಟಿ ನೋಡಿದ ಡಾಕ್ಟರು ತಲೆಯೆತ್ತದೆ, ಅನ್ನ ಕಡಿಮೆ ಮಾಡಿ, ನಡೆಯಿರಿ ಎಂದು ಕಳಿಸಿದ್ದಾರೆ.

ನನಗೆ ಇದಕ್ಕಿಂತ ಇನ್ನೇನು ಬೇಕು? ಟವಲನ್ನು ಸೆರಗು ಮಾಡಿಕೊಂಡು ನರ್ಸಮ್ಮನಾದೆ. "ಎಡೆ ಬಾರಮಾ? ಏರುಂಗಣ್ಣಾ, ಏರುಂಗ!" ಎಂದು ಮಾವನನ್ನು ಕರೆದು ಒರಳುಕಲ್ಲಿನ ಮೇಲೆ ಹತ್ತಿಸಿದೆ. ಮಾವನೂ ಹತ್ತಿದ. "ಸೋರು ಕೊರೈಂಗಣ್ಣಾ" ಎಂದು ಅನ್ನ ಕಡಿಮೆ ಮಾಡಲು ಹೇಳಿದರೆ, ಕೈಮುಗಿದು "ಅನ್ನ ಬುಡ್ತೀನಿ ತಾಯಿ, ಮುದ್ದೆಯ ಮಾತ್ರ ಕೇಳ್ಬೇಡ" ಅಂದ. ಅಂದಿನಿಂದ ದಿನಾ ಸಂಜೆ ಅದೇ ಬೇಕು ಎಲ್ಲರಿಗೂ. ಬೀದಿಯವರೆಲ್ಲ ಬಂದು ಕೇಳುವವರೇ. ಮಾವ ತಾನೇ ನೆಂಟರನ್ನು ಕರೆತಂದು, "ಲೋ, ಆ ನರ್ಸಮ್ಮನ್ನ ಒಂದ್ಸಲ ಕರಿಲಾ" ಅನ್ನುತ್ತಿದ್ದ.

ಒಂದು ಸಂಜೆ ಎಲ್ಲರೂ ನಗುತ್ತಿದ್ದಾಗ ಮಗಳು ಮಾತ್ರ ನಗಲಿಲ್ಲ. ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ತಮಿಳು ಓದುವ ಹುಡುಗಿ. ಎರಡು ಮಾತುಗಳ ನಡುವೆ ದಿನಾ ಓಡಾಡುವವಳು. ಒರಳುಕಲ್ಲಿನ ಮೇಲೆ ನಿಂತಿದ್ದ ಅಪ್ಪನನ್ನೇ ನೋಡುತ್ತ ಕೇಳಿದಳು.

"ಅಪ್ಪಾ, ಎದೆಗೆ ತಮಿಳಲ್ಲಿ ಏನಂತಾರೆ?"

"ನೆಂಜು" ಅಂದ ಮಾವ, ನಗುತ್ತಲೇ.

"ಗೊತ್ತದಲ್ಲ ನಿಂಗೆ. ತರಕಾರಿ ಮಂಡಿಲಿ ಅಷ್ಟೊಂದು ತಮಿಳಾಡೀಯೆ. ಆ ನರ್ಸಮ್ಮನ್‌ ತಾವ ಯಾಕ್ ಅನ್ನಿಲ್ಲ?"

ಮಾವ ಒರಳುಕಲ್ಲಿನಿಂದ ಇಳಿದ. ನಾನು ಸೆರಗು ತೆಗೆದೆ, ಯಾಕೆಂದು ಗೊತ್ತಿಲ್ಲದೆಯೇ.

"ಮದ್ಲು ಬಾಯ್ತಪ್ಪಿ ನಮ್ ಮಾತೇ ಬಂದ್ಬುಡ್ತು ಕಣವ್ವಾ" ಅಂದ ಮಾವ. "ಆಮೇಲೆ ಅವಳು ತೂಕ ಅಂದ್ಲು. ಅಂಗೇ ಇರ್ಲಿ ಅಂದ್ಕಂಡಿ. ನೆಂಜು ಅಂದ್ಬುಟ್ಟಿದ್ರೆ ಆಸ್ಪತ್ರೇಲೇ ಮಡಿಕತಿದ್ರು. ನಿಮ್ ರಜ ಈ ಸಲವೂ…"

ಬಾಗಿಲಲ್ಲಿ ನಿಂತಿದ್ದ ಅತ್ತೆ ಬೈಯಲೂ ಇಲ್ಲ, ಅಳಲೂ ಇಲ್ಲ. ಒಳಗೆ ಹೋಗಿ ಬ್ಯಾಗಿಗೆ ಬಟ್ಟೆ ತುಂಬತೊಡಗಿದಳು. ಮಗಳೂ ಹೋಗಿ, ಸಮುದ್ರಕ್ಕೆಂದು ಮಡಿಸಿಟ್ಟಿದ್ದ ಬಟ್ಟೆಯನ್ನು ತಂದು ಅದೇ ಬ್ಯಾಗಿಗೆ ಹಾಕಿದಳು.

ಮರುದಿನ ಬೆಳಗ್ಗೆ ಕೊಯಮತ್ತೂರಿನ ದೊಡ್ಡ ಆಸ್ಪತ್ರೆಗೆ ಹೊರಟರು. ಗಾಡಿ ಓಡಿಸಲು ಬೇರೆಯವರನ್ನು ಕರೆಸಲಾಗಿತ್ತು. ಅವರ ಪಕ್ಕದಲ್ಲಿ ಕೂತ ಮಾವ ಘಾಟಿಯುದ್ದಕ್ಕೂ ಇಲ್ಲದ ಬ್ರೇಕು ಒತ್ತುತ್ತಲೇ ಇದ್ದನಂತೆ. ಆಸ್ಪತ್ರೆಯಲ್ಲಿ ಮಾತಾಡಿದ್ದು ಮಗಳು. ಅಪ್ಪ ಬಾಯಿ ತೆರೆಯುವ ಮೊದಲೇ "ನೆಂಜು ಬಾರಂ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳಂತೆ. ರಕ್ತನಾಳ ಕಟ್ಟಿತ್ತು. ಸ್ಟೆಂಟ್ ಹಾಕಿದರು. ಇನ್ನು ಸ್ವಲ್ಪ ದಿನ ಹೀಗೇ ಮೂಟೆ ಎತ್ತಿದ್ದರೆ ಘಾಟಿಯ ಯಾವುದೋ ತಿರುವಿನಲ್ಲೇ ಆಗುತ್ತಿತ್ತು ಅಂದರಂತೆ ಡಾಕ್ಟರು. ಮಕ್ಕಳ ರಜೆಯೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕಳೆಯಿತು.

ಆಮೇಲೆ ಮಾವ ಮೂಟೆ ಮುಟ್ಟಲಿಲ್ಲ. ಗಾಡಿಗೆ ಡ್ರೈವರ್ ಬಂದ. ಮಾವ ಹೊಲಗಳ ಹತ್ತಿರ ಹೋಗಿ ಲೋಡು ಮಾತಾಡಿಕೊಂಡು ಬರುತ್ತಿದ್ದ, ಮಾತ್ರೆ ನುಂಗುತ್ತಿದ್ದ, ಅರ್ಧ ಮುದ್ದೆ ತಿಂದು ಇನ್ನರ್ಧವನ್ನು ಕಣ್ಣಲ್ಲೇ ತಿನ್ನುತ್ತಿದ್ದ. ಗೇಮಿನಲ್ಲಿ ಮೊದಲಿನಷ್ಟೇ ಸೋಲುತ್ತಿದ್ದ.

ಮರುವರ್ಷದ ರಜೆಗೆ ಹೋಗಿಯೇ ಹೋದರು. ಸಮುದ್ರದ ದಡದಿಂದ ನನಗೆ ಫೋನು ಬಂತು. "ಏನ್ಲಾ ಇದು, ಇಷ್ಟುದ್ದ ಅದೆ, ಒಂದೂ ತಿರುವಿಲ್ವಲ್ಲ ಕಣ್ಲಾ!" ಎಂದು ಕಿರುಚಿದ ಮಾವ, ಫೋನನ್ನು ಅಲೆಗಳ ಕಡೆ ಹಿಡಿದ. "ಕೇಳ್ತಾ? ಇದ ಮಾಡು ನೋಡವು, ದೊಡ್ ಅಣಕ್ದವ್ನೆ!" ನಾನು ಇಲ್ಲಿ, ಸಮುದ್ರ ಕಾಣದವನು, ಹೊಟ್ಟೆಯಿಂದ ಉಸಿರು ತಂದು ಶ್ಶ್ಶ್ ಎಂದೆ. ಆ ಕಡೆಯಿಂದ ಮಾವ ಅಂದ: "ಅದು ನಿಮ್ಮತ್ತೆ ಕುಕ್ಕರು ಕಣ್ಲಾ."

ಅಲ್ಲಿಂದ ಮುಂದೆಯೂ ಒಂದಷ್ಟು ಕಾಲ ಮಾವ ಇದ್ದ. ಎಷ್ಟು ಅಂದರೆ ಏನು ಹೇಳಲಿ… ಮಗನಿಗೆ ಮೀಸೆ ಚಿಗುರುವಷ್ಟು. ಹೋದದ್ದೂ ಎದೆಯಿಂದಲೇ, ಆದರೆ ಮನೆಯಲ್ಲಿ, ಬೆಳಗಿನ ಟೀ ಕುಡಿದ ಲೋಟ ಪಕ್ಕದಲ್ಲಿಟ್ಟುಕೊಂಡು. ಆ ವರ್ಷ ಹಿರಿಯರ ಹಬ್ಬದಲ್ಲಿ ಅತ್ತೆ ಮಾವನಿಗೆ ಎಡೆ ಇಟ್ಟಳು. ನಮ್ಮ ಕನ್ನಡದಲ್ಲಿ ಆ ಪದಕ್ಕೆ ತೂಕವೆಂಬ ಅರ್ಥವಿಲ್ಲ. ಆದರೂ ಅವತ್ತು ಆ ಬಾಳೆಯೆಲೆಯ ಮುಂದೆ ಕೂತವರಿಗೆಲ್ಲ… ಇರಲಿ.

ಬಸ್ಸು ಬಿಟ್ಟ ಆ ದಿನ ಬಸ್ ಸ್ಟ್ಯಾಂಡಿನಿಂದ ನೇರ ಅವರ ಮನೆಗೇ ಹೋದೆ. ಈಗ ನಾವು ಬೇರೆ ಬೀದಿಯಲ್ಲಿದ್ದೇವೆ. ಮಗಳು ಕಾಲೇಜಿನ ರಜೆಗೆ ಬಂದಿದ್ದಳು. ಅತ್ತೆ ಒಳಗೆ ಸೊಪ್ಪು ಬಿಡಿಸುತ್ತಿದ್ದಳು. ಜಗಲಿಯಲ್ಲಿ ಅದೂ ಇದೂ ಮಾತಾಡಿದ ಮೇಲೆ ಮಗ ತಲೆ ತಗ್ಗಿಸಿ ಅಂದ: "ಅಣ್ಣೋ, ಅಪ್ಪನ ದನಿ ಮಾಡು. ನಂಗೆ ಮರ್ತೋಯ್ತಾ ಅದೆ."

ಮಾವ ಹೋದ ಮೇಲೆ ನಾನು ಎಲ್ಲರನ್ನೂ ಅಣಕಿಸಿದ್ದೇನೆ, ಅವನನ್ನೊಬ್ಬನನ್ನು ಬಿಟ್ಟು. ಬೇಡವೆನ್ನಲು ಬಾಯಿ ತೆರೆದೆ. ಮಗಳು ನನ್ನನ್ನೇ ನೋಡುತ್ತಿದ್ದಳು. ಸಂಜೆ ಗೇಟು ತೆಗೆದು ಒಳಗೆ ಬರುತ್ತ ಮಾವ ಕೇಳುತ್ತಿದ್ದ ಮಾತನ್ನೇ ಅವನ ದನಿಯಲ್ಲಿ ಹೇಳಿದೆ.

"ಊಟ ಆಯ್ತೇನ್ರಲಾ?"

ಚೆನ್ನಾಗಿಯೇ ಬಂತು. ಒಳಗೆ ಸೊಪ್ಪು ಬಿಡಿಸುವ ಸದ್ದು ನಿಂತಿತು. ಬೈಗುಳ ಬರುತ್ತದೆಂದು ಕಾದೆ.

"ಅವ್ರು ಅಂಗೆ ಒಂದೇ ಉಸ್ರಿಗೆ ಅಂತಿರ್ನಿಲ್ಲ ಕಣಪ್ಪಾ" ಅಂದಳು ಅತ್ತೆ ಒಳಗಿನಿಂದಲೇ. "ಕೊನೇಲಿ ಅವ್ರಿಗೆ ಆಯ್ತಿರ್ನಿಲ್ಲ. ಊಟ ಅಂದು ನಿಂತ್ಕತಿದ್ರು. ಉಸ್ರು ಎಳ್ಕಂಡು ಆಮೇಲೆ ಆಯ್ತೇನ್ರಲಾ ಅಂತಿದ್ರು. ಇನ್ನೊಂದ್ಸಲ ಮಾಡು."

ಊರಿನ ದನಿಯೆಲ್ಲ ಹಿಡಿದವನು ನಾನು. ಗೋಡೆಯ ಈಚೆ ಕೂತು ವರ್ಷಗಟ್ಟಲೆ ಕೇಳಿದ್ದ ಮಾತಿನಲ್ಲಿ ಆ ನಿಲುಗಡೆ ನನಗೆ ಕೇಳಿಸಿರಲಿಲ್ಲ. ಅವಳು ದಿನಾ ಸಂಜೆ ಅದನ್ನೇ ಕೇಳಲು ಕಾದಿದ್ದಳು.

ಇನ್ನೊಂದು ಸಲ ಮಾಡಿದೆ. "ಊಟ…" ಎಂದು ನಿಲ್ಲಿಸಿದೆ. ಎಷ್ಟು ಹೊತ್ತು ನಿಲ್ಲಬೇಕೆಂದು ನನಗೆ ಗೊತ್ತಿರಲಿಲ್ಲ. ಒಳಗೆ ಅತ್ತೆ ಉಸಿರೆಳೆದುಕೊಂಡದ್ದು ಕೇಳಿಸಿತು. ಆಮೇಲೆ ಉಳಿದದ್ದನ್ನು ಹೇಳಿದೆ.

"ಊಂ" ಅಂದಳು ಅತ್ತೆ. "ಇಂಗೆ."