ದಮಯಂತಿಯಕ್ಕನ ಹಳೆಯ ನಂಬರು

ಬೆಳಗಿನ ಐದೂವರೆಗೆ, ಕೇರಳದ ಗಡಿಯೂರು ಕುಂಜತ್ತೂರಿನ ಹೆದ್ದಾರಿ ಬದಿಯಲ್ಲಿ ಬೆಳಕು ಕಾಣುವುದು ಎರಡೇ ಕಡೆ. ಒಂದು ಚಹಾದಂಗಡಿ, ಇನ್ನೊಂದು ದಮಯಂತಿಯವರ ಜೆರಾಕ್ಸ್ ಅಂಗಡಿ. ಶಟರನ್ನು ಅರ್ಧಕ್ಕೆ ಎತ್ತಿ, ತಲೆ ತಗ್ಗಿಸಿ ಒಳಗೆ ನುಗ್ಗಿದವರು ದೇವರ ಪಟದ ಮುಂದೆ ಊದುಬತ್ತಿ ಹಚ್ಚುವುದಕ್ಕೂ ಮೊದಲು ಮೋಡೆಮಿನ ಸ್ವಿಚ್ಚು ಒತ್ತುತ್ತಾರೆ. ಹಸಿರು ದೀಪ ಮಿನುಗಿ ನಿಲ್ಲುವವರೆಗೆ ಅವರಿಗೆ ನಿಂತಲ್ಲಿ ನಿಲ್ಲಲಾಗದು. ಪೊರಕೆ ಹಿಡಿಯುತ್ತಾರೆ, ಇಡುತ್ತಾರೆ, ಮತ್ತೆ ಬಗ್ಗಿ ಮೋಡೆಮ್ ನೋಡುತ್ತಾರೆ. "ಎಂಟು ಗಂಟೆಯವರೆಗೆ ಎಷ್ಟು ಬಳಸಿದರೂ ಬಿಲ್ಲು ಅಷ್ಟೇ. ಎಂಟು ಕಳೀತೋ, ಮೀಟರ್ ಓಡ್ಲಿಕ್ಕೆ ಶುರು. ನನ್ನ ಜನರ ಫೋಟೊಗಳೋ, ಒಂದೊಂದೂ ಆನೆಯಷ್ಟು ಭಾರ ಮಾರಾಯ್ರೆ" ಎನ್ನುತ್ತಾರೆ.

ಅವರ 'ಜನ' ಎಂದರೆ ಹವ್ಯಾಸಕ್ಕೆ ಬ್ಲಾಗು ಬರೆಯುವವರು. ಯಾರೂ ದೊಡ್ಡ ಸಾಹಿತಿಗಳಲ್ಲ. ಕಾಡುಬಳ್ಳಿಗಳ ಹೂವಿನ ಬೆನ್ನು ಬಿದ್ದ ದೇಲಂಪಾಡಿಯ ಕೃಷಿಕರೊಬ್ಬರು, ಹಳೆ ರೇಡಿಯೋ ಬಿಚ್ಚಿ ಜೋಡಿಸುವ ಮೇಷ್ಟ್ರು, ಗಲ್ಫಿನಿಂದ ಬಂದು ಮನೆಯಲ್ಲಿ ಕುಳಿತವರು. ಊರಿನ ಮಾತನ್ನು ಕನ್ನಡದಲ್ಲಿ ಬರೆದು ಲೋಕಕ್ಕೆ ತೋರಿಸುವ ಆಸೆ ಇದ್ದು, ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದವರೆಲ್ಲ ಬಂದು ನಿಲ್ಲುವುದು ಈ ಅಂಗಡಿಯ ಮೆಟ್ಟಿಲಿನ ಮೇಲೆ. ಆದರೆ ಅವರ ಬ್ಲಾಗುಗಳ ಯಾವ ಮೂಲೆಯಲ್ಲೂ ದಮಯಂತಿಯ ಹೆಸರಿಲ್ಲ.

ಅವರು ಕಲಿಸುವ ಕ್ರಮವೇ ಬೇರೆ. ಕನ್ನಡ ಟೈಪಿಂಗಿನ ಪುಕ್ಕಟೆ ತಂತ್ರಾಂಶ ಹಾಕಿಕೊಟ್ಟ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಎಂತ ಬರೆಯುವುದು?" ಅದಕ್ಕೆ ದಮಯಂತಿಯ ಉತ್ತರವೂ ಒಂದೇ. "ನಿಮ್ಮ ಮನೆಗೆ ಬರುವ ದಾರಿ ಬರೆಯಿರಿ. ಬಸ್ಸಿಳಿದು ಎಲ್ಲಿ ತಿರುಗಬೇಕು, ಯಾರ ಮನೆಯ ನಾಯಿ ಬೊಗಳ್ತದೆ, ಅದನ್ನೇ ಬರೆಯಿರಿ." ಹಾಗೆ ಶುರುವಾದವರ ಕೈ ಆಮೇಲೆ ನಿಲ್ಲುವುದಿಲ್ಲ. ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿದ್ದನ್ನು ಯೂನಿಕೋಡಿಗೆ ಬದಲಿಸುವುದು, ಫೋಟೊ ಸಣ್ಣದು ಮಾಡುವುದು, ಕರೆಂಟು ಹೋದರೂ ಬರೆದದ್ದು ಹೋಗದ ಹಾಗೆ ಮೊದಲು ಕಂಪ್ಯೂಟರಿನಲ್ಲೇ ಉಳಿಸಿಕೊಳ್ಳುವುದು, ಎಲ್ಲ ಬ್ಲಾಗುಗಳ ಹೊಸ ಬರಹ ಒಂದೇ ಕಡೆ ಕಾಣುವ ತಾಣಕ್ಕೆ ಸೇರಿಸುವುದು, ಒಂದೊಂದನ್ನೂ ತೋರಿಸಿಕೊಡುತ್ತಾರೆ. ಇದಕ್ಕೆಂದು ಪ್ರತ್ಯೇಕ ಫೀಸಿಲ್ಲ. ಕಂಪ್ಯೂಟರಿನ ಮುಂದೆ ಕುಳಿತ ಹೊತ್ತಿನ ಬಾಡಿಗೆ ಕೊಟ್ಟರಾಯಿತು.

ದಮಯಂತಿ ಮಂಜೇಶ್ವರದ ಪ್ರೆಸ್ಸೊಂದರಲ್ಲಿ ಮದುವೆ ಕಾಗದಗಳ ಅಕ್ಷರ ಜೋಡಿಸುತ್ತಿದ್ದವರು. ಪ್ರೆಸ್ಸು ಮುಚ್ಚಿದಾಗ ಸಂಬಳದ ಬಾಕಿಯ ಬದಲು ಯಜಮಾನರು ಹಳೆಯ ಕಂಪ್ಯೂಟರು ಕೊಟ್ಟರು. ಅದನ್ನು ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು ಬಂದು 2006ರಲ್ಲಿ ಈ ಅಂಗಡಿ ಹಾಕಿದರು. ಗಂಡ ಸುಜನ್ ತಲಪಾಡಿಯಲ್ಲಿ ಟಯರು ಅಂಗಡಿಯ ಕೆಲಸಕ್ಕೆ ಹೋಗುತ್ತಾರೆ. "ಇವಳಿಗೆ ಮನೆಯಲ್ಲಿ ಗಂಜಿ ಉಣ್ಣಲಿಕ್ಕೆ ಪುರುಸೊತ್ತಿಲ್ಲ, ಬೇರೆಯವರ ಬ್ಲಾಗಿಗೆ ಬಣ್ಣ ಹಚ್ಚಲಿಕ್ಕೆ ಉಂಟು" ಎಂದು ಅವರು ನಗುತ್ತಾರೆ. ದಮಯಂತಿಯದ್ದೇ ಒಂದು ಬ್ಲಾಗು ಎಂಬುದು ಇಲ್ಲ.

ಇಷ್ಟೆಲ್ಲ ಇದ್ದರೂ ಅವರಲ್ಲಿ ಒಂದು ದುರಭ್ಯಾಸವಿತ್ತು. ಎದುರಿಗಿದ್ದವರು ನಿಧಾನಿಸಿದರೆ ಸಾಕು, ಕೈ ತುರಿಸುತ್ತಿತ್ತು. "ಕೊಡಿ ಇಲ್ಲಿ" ಎಂದು ಮೌಸು ಕಿತ್ತುಕೊಂಡು ಟಕಟಕನೆ ಮುಗಿಸಿಬಿಡುತ್ತಿದ್ದರು. ಹೊಸ ಬ್ಲಾಗು ತೆರೆಯುವಾಗ ಪಾಸ್‌ವರ್ಡ್ ಮರೆತರೆ ಗುಪ್ತ ಸಂಖ್ಯೆ ಕಳಿಸಲು ಮೊಬೈಲ್ ನಂಬರು ಕೇಳುತ್ತದಲ್ಲ, ಅಲ್ಲಿಯೂ ಅಷ್ಟೇ. ಅಂಗಡಿಯೊಳಗೆ ಆಗ ಕೇರಳದ ಸಿಗ್ನಲ್ ಸಿಗುತ್ತಿರಲಿಲ್ಲ, ಗಡಿಯಾಚೆಯ ಕರ್ನಾಟಕದ ಟವರ್ ಸಿಗುತ್ತಿತ್ತು. ಬಂದವರ ಫೋನುಗಳು ಸತ್ತಂತೆ ಬಿದ್ದಿರುವಾಗ ಯಾರು ಕಾಯುವುದು? ತಲಪಾಡಿಯಲ್ಲಿ ಕೊಂಡ ತಮ್ಮ ಕರ್ನಾಟಕದ ನಂಬರನ್ನೇ ಎಲ್ಲರ ಹೆಸರಿಗೂ ಒತ್ತಿದರು. ಕೆಲವು ವರ್ಷದಲ್ಲಿ ಪಕ್ಕದಲ್ಲೇ ಕೇರಳದ ಟವರ್ ಎದ್ದಿತು. ಹಳೆಯ ಸಿಮ್ಮು ಮೇಜಿನ ಡ್ರಾವರು ಸೇರಿ, ರೀಚಾರ್ಜ್ ಇಲ್ಲದೆ ಸತ್ತುಹೋಯಿತು.

ಅದರ ಪೆಟ್ಟು ಬಿದ್ದದ್ದು ಕಳೆದ ಡಿಸೆಂಬರಿನಲ್ಲಿ. ಇವರ ಜನರಲ್ಲಿ ಹೆಚ್ಚಿನವರು ನೆಚ್ಚಿಕೊಂಡಿದ್ದ ಪುಕ್ಕಟೆ ಬ್ಲಾಗಿನ ಕಂಪೆನಿಯೊಂದು, 2012ರ ಕೊನೆಯ ದಿನಕ್ಕೆ ಬಾಗಿಲು ಹಾಕುತ್ತೇವೆ, ನಿಮ್ಮ ಬರಹ ನೀವು ಇಳಿಸಿಕೊಳ್ಳಿ ಎಂದುಬಿಟ್ಟಿತು. ದಮಯಂತಿ ಒಬ್ಬೊಬ್ಬರನ್ನೇ ಕರೆಸಿ ಬರಹಗಳನ್ನು ಬೇರೆಡೆಗೆ ಸಾಗಿಸಿದರು. ಉಳಿದದ್ದು ಒಬ್ಬರೇ, ಕುಂಞಣ್ಣ.

ಕುಂಞಣ್ಣ ಮುಳ್ಳೇರಿಯ-ದೇಲಂಪಾಡಿ ಕಡೆಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು, ಮೊಣಕಾಲು ಕೈಕೊಟ್ಟ ಮೇಲೆ ಕುಂಜತ್ತೂರಿನ ತಂಗಿ ಮನೆಗೆ ಬಂದವರು. ಅವರದ್ದು ವಿಚಿತ್ರ ಹವ್ಯಾಸ. ನಮ್ಮ ಬಸ್ ತಂಗುದಾಣಗಳ ಮೇಲೆ ಯಾರದಾದರೂ 'ಸ್ಮರಣಾರ್ಥ' ಎಂದು ಹೆಸರಿರುತ್ತದಲ್ಲ, ಆ ಮನುಷ್ಯ ಯಾರು ಎಂದು ಊರಲ್ಲಿ ಕೇಳಿ ತಿಳಿದು ಬರೆಯುವುದು. ವರ್ಷಗಟ್ಟಲೆ ಬರೆದರು. ಆದರೆ 'ಪ್ರಕಟಿಸು' ಎಂಬ ಗುಂಡಿಯನ್ನು ಒಮ್ಮೆಯೂ ಒತ್ತಲಿಲ್ಲ, ಎಲ್ಲವೂ ಕರಡಿನಲ್ಲೇ ಉಳಿಯಿತು. "ಬದುಕಿದವರ ಬಗ್ಗೆ ತಪ್ಪು ಬರೆದರೆ ಅವರು ಬಂದು ಬೈತಾರೆ. ಸತ್ತವರು ಎಲ್ಲಿಂದ ಬರುವುದು? ಇನ್ನೊಮ್ಮೆ ನೋಡಿ ಸರಿಮಾಡುವ" ಎನ್ನುತ್ತಿದ್ದರು. ಅಂಗಡಿಯ ಕಂಪ್ಯೂಟರು ಅವರ ಪಾಸ್‌ವರ್ಡನ್ನು ನೆನಪಿಟ್ಟುಕೊಂಡಿತ್ತು. ಅಕ್ಟೋಬರಿನ ಸಿಡಿಲಿಗೆ ಆ ಕಂಪ್ಯೂಟರು ಸುಟ್ಟುಹೋಯಿತು, ಕುಂಞಣ್ಣನಿಗೆ ಪಾಸ್‌ವರ್ಡ್ ನೆನಪಿರಲಿಲ್ಲ. ಪ್ರಕಟವಾಗದ್ದನ್ನು ಹೊರಗಿನಿಂದ ಕಾಪಿ ಮಾಡಲಿಕ್ಕೂ ಬರುವುದಿಲ್ಲ. ಹೊಸ ಪಾಸ್‌ವರ್ಡಿಗೆ ಬೇಕಾದ ಗುಪ್ತ ಸಂಖ್ಯೆ ಹೋಗುವುದು ದಮಯಂತಿಯ ಸತ್ತ ನಂಬರಿಗೆ.

"ನಾನು ಎಷ್ಟು ಜಾಣೆ ನೋಡಿ! ಅವರ ಕೈಯಿಂದ ಮೌಸು ಕಿತ್ತುಕೊಂಡೆ, ನಂಬರೂ ಕಿತ್ತುಕೊಂಡೆ" ಎಂದು ದಮಯಂತಿ ಈಗಲೂ ತಮ್ಮನ್ನೇ ಬೈದುಕೊಳ್ಳುತ್ತಾರೆ. ಡಿಸೆಂಬರ್ ಮೂವತ್ತರ ಸಂಜೆ, ಆದದ್ದಾಗಲಿ ಎಂದು ಆ ನಂಬರಿಗೆ ಫೋನು ಮಾಡಿದರು. ರಿಂಗಾಯಿತು! ಫೋನು ಕಂಪೆನಿಯವರು ಅದನ್ನು ಇನ್ಯಾರಿಗೋ ಕೊಟ್ಟಿದ್ದರು. "ನಾನು ದಮಯಂತಿ, ನಿಮ್ಮ ಫೋನಿಗೆ ಬರುವ ಒಂದು ನಂಬರು ಹೇಳಬೇಕಿತ್ತು" ಎಂದದ್ದೇ ತಡ, ಆ ಕಡೆಯ ಹೆಂಗಸು ಸಿಡಿದೆದ್ದಳು.

"ನೀನೇ ಅಲ್ವಾ ಆ ದಮಯಂತಿ? ಫೋಟೊ ಹೋಗುವುದಿಲ್ಲ ದಮಯಂತಿಯಕ್ಕ, ಅಕ್ಷರ ಒಡೆದು ಕಾಣ್ತದೆ ದಮಯಂತಿಯಕ್ಕ ಅಂತ ನಿನ್ನ ಜನರ ಫೋನು! ಹೊತ್ತಿಲ್ಲ, ಗೊತ್ತಿಲ್ಲ. ನಾನು ಶಿರಿಯದ ಮನೆಯಲ್ಲಿರುವಾಗ ಬಂದ ಫೋನಿಗೂ ರೋಮಿಂಗ್ ಅಂತ ನನ್ನ ದುಡ್ಡು ಹೋಗ್ತದೆ, ಗೊತ್ತುಂಟಾ ನಿನಗೆ? ನಂಬರೆಂತ ಹೇಳುವುದು ಈಗ? ಮೀನು ಮಾರುವ ಈಶ್ವರಿ ಅಂತ ಶಿರಿಯದಲ್ಲಿ ಯಾರನ್ನು ಬೇಕಾದರೂ ಕೇಳು. ಧೈರ್ಯ ಇದ್ದರೆ ಎದುರಿಗೆ ಬಾ!" ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ.

ಮರುದಿನ, ಅಂದರೆ ಕೊನೆಯ ದಿನ, ಬೆಳಗಾಗುವ ಹೊತ್ತಿಗೆ ದಮಯಂತಿ ಕುಂಞಣ್ಣನನ್ನು ಅಂಗಡಿಯ ಕುರ್ಚಿಯಲ್ಲಿ ಕೂರಿಸಿ, "ಎದ್ದು ಹೋಗಬೇಡಿ, ಏನನ್ನೂ ಒತ್ತಬೇಡಿ" ಎಂದು ಹೇಳಿ ಮೊದಲ ಬಸ್ಸು ಹತ್ತಿದರು. ಶಿರಿಯದ ಹೊಳೆ ಕಡಲು ಸೇರುವಲ್ಲಿ ದೋಣಿಗಳು ಬಂದಿದ್ದವು. ಈಶ್ವರಿ ಬುಟ್ಟಿಗೆ ಬಂಗುಡೆ ತುಂಬುತ್ತಿದ್ದರು. ಗಡಿಯಾಚೆ ತೊಕ್ಕೊಟ್ಟಿನ ಸಂತೆಯಲ್ಲಿ ಮಾರುವವರಾದ್ದರಿಂದ ಅವರಿಗೆ ಆ ಕರ್ನಾಟಕದ ಸಿಮ್ಮು.

ಇಬ್ಬರ ಮಾತೂ ತುಳುವಿನಲ್ಲಿ. ದಮಯಂತಿ ಮೊದಲು ತಪ್ಪಾಯಿತೆಂದರು. ಈಶ್ವರಿ ತಲೆ ಎತ್ತಲಿಲ್ಲ. "ನಂಬರಿಗೆ ಬಂದದ್ದನ್ನು ಯಾರಿಗೂ ಹೇಳಬಾರದು ಅಂತ ನನ್ನ ಮಗಳು ಹೇಳಿದ್ದಾಳೆ. ಲಾಟರಿ ಬಂತು ಅಂತ ಹೇಳಿ ಮುಂಡಾಯಿಸ್ತಾರಂತೆ."

"ಹೇಳಿದ್ದು ಸರಿಯೇ ಈಶ್ವರಿಯಕ್ಕ. ನಾನೂ ಎಲ್ಲರಿಗೂ ಅದನ್ನೇ ಹೇಳುವುದು," ಎಂದರು ದಮಯಂತಿ. ಬೆಳಕು ಏರುತ್ತಿತ್ತು.

ಬುಟ್ಟಿ ತುಂಬುತ್ತಲೇ ಈಶ್ವರಿ ಕೇಳಿದರು: "ಅಷ್ಟು ತಲೆಬಿಸಿ ಮಾಡುವಂಥದ್ದು ಆ ಮನುಷ್ಯ ಎಂತ ಬರೆದದ್ದು?"

ದಮಯಂತಿ ಹೇಳಿದರು. ಈಶ್ವರಿಯ ಕೈ ನಿಂತಿತು. "ನಾನು ದಿನಾ ಬುಟ್ಟಿ ಇಟ್ಟುಕೊಂಡು ಬಸ್ಸಿಗೆ ಕಾಯುವಲ್ಲಿಯೂ ಒಂದು ಹೆಸರುಂಟು. ಮಹಾಬಲ ಅಂತ. ಮದುವೆಯಾಗಿ ಬಂದಾಗಿಂದ ಅದರ ಕೆಳಗೆ ಕೂತಿದ್ದೇನೆ, ಯಾರಂತ ಗೊತ್ತಿಲ್ಲ. ಕೇಳು ಅವರ ಹತ್ತಿರ."

ದಮಯಂತಿ ಫೋನು ಮಾಡಿದರು, ಕುಂಞಣ್ಣನ ಉತ್ತರಕ್ಕೆ ತಡವಾಗಲಿಲ್ಲ. ಮಹಾಬಲ ಅಲ್ಲಿ ಸೈಕಲು ರಿಪೇರಿ ಮಾಡುತ್ತಿದ್ದವ. ಬಸ್ಸು ಬಂದರೆ ಕೆಲಸ ಬಿಟ್ಟು ಓಡಿ, ಮೀನಿನ ಹೆಂಗಸರ ಬುಟ್ಟಿಗಳನ್ನು ಟಾಪಿಗೆ ಏರಿಸಿಕೊಡುತ್ತಿದ್ದ, ಸಂಜೆ ಇಳಿಸಿಕೊಡುತ್ತಿದ್ದ. ಕೂಲಿ ಕೊಟ್ಟರೆ ತೆಗೆದುಕೊಳ್ಳುತ್ತಿರಲಿಲ್ಲ, ಎರಡು ಬಂಗುಡೆ ಸಾಕೆನ್ನುತ್ತಿದ್ದ. ಜ್ವರ ಬಂದು ಎಳೆಯ ಪ್ರಾಯದಲ್ಲೇ ತೀರಿಕೊಂಡ. ತಂಗುದಾಣಕ್ಕೆ ಮೊದಲು ಚಂದಾ ಎತ್ತಿದ್ದು ಆ ಹೆಂಗಸರೇ. ಈಶ್ವರಿ ಸೆರಗಿನಲ್ಲಿ ಕೈ ಒರೆಸಿಕೊಂಡು, ಸೊಂಟದಲ್ಲಿದ್ದ ಫೋನು ತೆಗೆದರು. "ನನ್ನ ಅತ್ತೆಯೂ ಕೊಟ್ಟಿರಬೇಕು" ಎಂದರು. "ಕಳಿಸಲಿಕ್ಕೆ ಹೇಳು."

ಕುಂಞಣ್ಣ ಗುಂಡಿ ಒತ್ತಿದರು, ಈಶ್ವರಿಯ ಫೋನಿಗೆ ಸಂದೇಶ ಬಂತು. "ಮೂಜಿ, ಎಣ್ಮ, ಒಂಜಿ..." ಎಂದು ಈಶ್ವರಿ ತುಳುವಿನಲ್ಲಿ ಓದಿದರು, ದಮಯಂತಿ ಅದನ್ನೇ ಮೂರು, ಎಂಟು, ಒಂದು ಎಂದು ಫೋನಿಗೆ ಹೇಳಿದರು, ಅತ್ತ ಕುಂಞಣ್ಣ ಒಂದೇ ಬೆರಳಲ್ಲಿ ಒತ್ತಿದರು. ಬ್ಲಾಗಿನ ಬಾಗಿಲು ತೆರೆಯಿತು. ಆದರೆ ಮುಂದಿನದ್ದು? "ಇಲ್ಲಿ ಎಂತದೋ ಇಂಗ್ಲಿಷಿನಲ್ಲಿ ಕೇಳ್ತದೆ ದಮಯಂತಿ. ನೀನೇ ಬಂದು ಮಾಡು, ನನ್ನಿಂದ ಆಗ್ಲಿಕ್ಕಿಲ್ಲ." ಬಸ್ಸಿನಲ್ಲಿ ವಾಪಸು ಹೋಗುವಷ್ಟರಲ್ಲಿ ದಿನವೂ ಕರೆಂಟು ತೆಗೆಯುವ ಹೊತ್ತಾಗುತ್ತದೆ, ಅದು ಬಂದ ಮೇಲೆ ಬ್ಲಾಗು ಕಂಪೆನಿಯ ಬಾಗಿಲು ತೆರೆದಿರುತ್ತದೋ ಇಲ್ಲವೋ. ಮರಳಿನ ಮೇಲೆ ನಿಂತ ದಮಯಂತಿಯ ಬಲಗೈ ಇಲ್ಲದ ಮೌಸನ್ನು ಹುಡುಕುತ್ತಿತ್ತು. ಆ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಹೇಳಿದರು: "ಆಗ್ತದೆ ಕುಂಞಣ್ಣ. ಬಸ್ಸು ತುಂಬ ಜನ ಇದ್ದಾಗ ಟಿಕೆಟು ಹರಿದವರು ನೀವು. ಎಡದ ಬದಿಯಲ್ಲಿ ಮೇಲಿನಿಂದ ಓದುತ್ತಾ ಬನ್ನಿ, ಒಂದೊಂದೇ ಅಕ್ಷರ ಹೇಳಿ."

ಅವರು ಹೇಳಿದರು, ಇವರು ದಾರಿ ತೋರಿಸಿದರು. ಎರಡು ಸಲ ತಪ್ಪು ಕಡೆ ಒತ್ತಿ ಹಿಂದೆ ಬಂದರು. ಕೊನೆಗೆ, "ಇಳೀತಾ ಉಂಟು, ಇಳೀತಾ ಉಂಟು!" ಎಂದು ಕೂಗಿದ ಕುಂಞಣ್ಣ ಫೋನಿನಲ್ಲೇ ಅತ್ತುಬಿಟ್ಟರು. ದಮಯಂತಿಯೂ ಅತ್ತರು, ಮುಚ್ಚುಮರೆ ಇಲ್ಲದೆ. ಈಶ್ವರಿ ಬುಟ್ಟಿ ಎತ್ತಿಕೊಳ್ಳುತ್ತಾ, "ಇಬ್ಬರೂ ಒಳ್ಳೆ ಜನ! ನನ್ನ ಬಸ್ಸು ತಪ್ಪಿಸಿದಿರಿ" ಎಂದು ಗೊಣಗಿದರು.

ಈಗ ಅಂಗಡಿಯಲ್ಲಿ ಕಾನೂನು ಬದಲಾಗಿದೆ. ಬ್ಲಾಗು ಯಾರದ್ದೋ, ನಂಬರೂ ಅವರದ್ದೇ. ಬರೆದದ್ದನ್ನೆಲ್ಲ ಆಗಾಗ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಮನೆಗೆ ಒಯ್ಯಬೇಕು. ಹಳೆಯ ನಂಬರಿಗೆ ಈಗಲೂ ಅಪರೂಪಕ್ಕೆ ಫೋನು ಹೋಗುತ್ತದೆ. "ಫೋಟೊ ಸಣ್ಣ ಮಾಡಿ ಹಾಕು ಮಾರಾಯ, ಹೋಗ್ತದೆ" ಎಂದು ಈಶ್ವರಿಯೇ ಹೇಳಿ ಮುಗಿಸುತ್ತಾರಂತೆ. ನಿಮ್ಮ ಆಸೆ ಏನೆಂದು ಕೇಳಿದರೆ ದಮಯಂತಿ ಮೋಡೆಮ್ ನೋಡುತ್ತಾ ಉತ್ತರಿಸುತ್ತಾರೆ: "ಇವರಿಗೆಲ್ಲ ನಾನು ಬೇಡವಾಗಬೇಕು. ಅಷ್ಟೇ. ಆದರೆ ಬೇಡವಾದರೆ ನಾನು ಬೆಳಿಗ್ಗೆ ಎದ್ದು ಎಂತ ಮಾಡುವುದು ಅಂತ ಹೆದರಿಕೆಯೂ ಉಂಟು."

ಏಳೂವರೆ. ಕುಂಞಣ್ಣ ಹೊಸ ಬ್ಲಾಗಿನ ಮುಂದೆ ಕುಳಿತಿದ್ದಾರೆ. ತೆರೆಯ ಮೇಲೆ ಶಿರಿಯದ ತಂಗುದಾಣದ ಫೋಟೊ, ಕೆಳಗೆ ಮಹಾಬಲನ ಕತೆ. ಓದುತ್ತಾರೆ, ಒಂದು ಅಕ್ಷರ ತಿದ್ದುತ್ತಾರೆ, ಮತ್ತೆ ಓದುತ್ತಾರೆ. ದಮಯಂತಿ ಅವರ ಬೆನ್ನ ಹಿಂದೆ ನಿಂತು, ಹೋಗಿ, ಬಂದು, ಮತ್ತೆ ನಿಂತಿದ್ದಾರೆ. ಎರಡೂ ಕೈಗಳು ಸೆರಗಿನೊಳಗಿವೆ. ಕುಂಞಣ್ಣನ ಬೆರಳು ಮೌಸಿನ ಮೇಲೆ ಸ್ವಲ್ಪ ಹೊತ್ತು ತಡೆದು, 'ಪ್ರಕಟಿಸು' ಎಂಬುದನ್ನು ಒತ್ತುತ್ತದೆ.

ದಮಯಂತಿ ಬಾಗಿಲ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಾರೆ. "ನೋಡಿದಿರಾ?" ಎಂದು ಮೆಲ್ಲಗೆ ಹೇಳುತ್ತಾರೆ. "ನನ್ನನ್ನು ಕರೆಯಲೇ ಇಲ್ಲ."